ಕೇಂದ್ರ ಪೊಲೀಸ್ ಪಡೆ: ಕನ್ನಡದ ಮಕ್ಕಳಿಗೆ ತೆರೆದ ಬಾಗಿಲು

ಕಾವೇರಿಯು ಬಾಗಿ ತಿರುಗಿ ಹರಿಯುವ ತಾಣವಾದುದರಿಂದಲೇ ಮುಡುಕುತೊರೆಗೆ ಆ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ಅಲ್ಲಿನ ಬೆಟ್ಟದ ಮೇಲೆ ನೆಲೆಸಿರುವ ಶ್ರೀ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆಗೆ ತಿರುಮಕೂಡಲು ನರಸೀಪುರ, ನಂಜನಗೂಡು, ಕೊಳ್ಳೇಗಾಲ, ಮಳವಳ್ಳಿ ಸೀಮೆಗಳಿಂದ ಬರುವ ಭಕ್ತಾದಿಗಳೆಷ್ಟೋ! ಬೆಟ್ಟದ ಕೆಳಗೆ ನೆರೆಯುವ ದನಗಳ ಜಾತ್ರೆಯಂತೂ ರೈತಾಪಿ ಜನರ ಹಬ್ಬವೇ ಸರಿ. ಇಂತಹ ಜನಸಾಗರದ ನಡುವೆ ಹಗಲಿರುಳೆನ್ನದೆ ನಿಂತಿರುವ ಖಾಕಿ ಉಡುಪಿನವರನ್ನು ನಾವೆಲ್ಲರೂ ಕಂಡಿದ್ದೇವೆ. ಮುಡುಕುತೊರೆಯನ್ನೂ ಒಳಗೊಂಡು 2013ರಲ್ಲಿ ನಡೆದ ತಲಕಾಡಿನ ಪಂಚಲಿಂಗ ದರ್ಶನದಲ್ಲಿಯೂ, ಕೊರೋನಾ ಪಿಡುಗಿನ ನಡುವೆಯೇ 2020ರಲ್ಲಿ ನಡೆದ ದರ್ಶನದಲ್ಲಿಯೂ ಇವರ ಸೇವೆ ಸಂದಿತು.

ನೋಡುವವರ ಕಣ್ಣಿಗೆ ಅವರೆಲ್ಲರೂ 'ಪೊಲೀಸಿನವರು'. ಆದರೆ ಠಾಣೆಯ ಪೇದೆಯ ಪಕ್ಕದಲ್ಲಿ ನಿಂತವನು ಜಿಲ್ಲಾ ಸಶಸ್ತ್ರ ಮೀಸಲು ಪಡೆಯವನಾಗಿರಬಹುದು, ರಾಜ್ಯ ಮೀಸಲು ಪಡೆಯವನಾಗಿರಬಹುದು, ಇಲ್ಲವೇ ಸ್ವಯಂಸೇವಕನಾದ ಗೃಹರಕ್ಷಕನಾಗಿರಬಹುದು. ಈ ಭೇದ ನಮ್ಮ ಮನೆಗಳಲ್ಲಿ ಅಷ್ಟಾಗಿ ತಿಳಿಯದು. ಆದುದರಿಂದಲೇ "ಹುಡುಗ ಸಿಆರ್‌ಪಿಎಫ್‌ಗೆ ಸೇರ್ತೀನಿ ಅಂತಾನೆ. ಅದು ಮಿಲಿಟರಿಯೋ, ಪೊಲೀಸೋ?" ಎಂದು ತಂದೆತಾಯಿಗಳು ಕೇಳುವುದನ್ನು ನಾವು ಪದೇ ಪದೇ ಕೇಳುತ್ತಿರುತ್ತೇವೆ. ಪ್ರಶ್ನೆ ಸಣ್ಣದಲ್ಲ. ಮಗನೋ ಮಗಳೋ ಮನೆ ಬಿಟ್ಟು ಸಾವಿರಾರು ಮೈಲಿ ದೂರ ಹೋಗುವ ಮಾತಾದ್ದರಿಂದ ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳಬೇಕಾಗಿದೆ.

ಮೊದಲನೆಯದಾಗಿ, ಇಡೀ ಭಾರತಕ್ಕೆ ಒಂದೇ ಎನ್ನುವಂತಹ ಪೊಲೀಸ್ ನಮ್ಮಲ್ಲಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ರಾಜ್ಯಪಟ್ಟಿಗೆ ಸೇರಿದ ವಿಷಯ. ತಲಕಾಡಿನಲ್ಲಿ ಕಳವಾದರೆ ತನಿಖೆ ಮಾಡುವುದು ರಾಜ್ಯದ ಪೊಲೀಸರೇ ಹೊರತು ದೆಹಲಿಯವರಲ್ಲ. ಇದರ ಬೇರು ಬಹಳ ಹಳೆಯದು. ಊರಿನ ಕಾವಲು ನಮ್ಮ ಹಳ್ಳಿಗಳಲ್ಲಿ ತಳವಾರನದಾಗಿತ್ತು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ 'ಕಂದಾಚಾರ'ವೆಂಬ ಪಡೆಯಿತ್ತು. ಅದರ ಆಳುಗಳು ಅಗತ್ಯ ಬಿದ್ದಾಗ ಯುದ್ಧಕ್ಕೂ ಹೋಗುತ್ತಿದ್ದರು, ಉಳಿದ ಕಾಲದಲ್ಲಿ ಅಮಲ್ದಾರರ ಕೈಕೆಳಗೆ ಪೊಲೀಸಿನ ಕೆಲಸವನ್ನೂ ಮಾಡುತ್ತಿದ್ದರು. 1857ರ ದಂಗೆಯ ತರುವಾಯ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯಿದೆಯನ್ನು ತಂದು, ಇನ್ಸ್‌ಪೆಕ್ಟರ್ ಜನರಲ್ ಒಬ್ಬನ ಕೆಳಗೆ ಪ್ರಾಂತ್ಯದ ಪೊಲೀಸನ್ನು ಕಟ್ಟಿದರು. ಜನರನ್ನು ಅಂಕೆಯಲ್ಲಿಡುವುದೇ ಅದರ ಮುಖ್ಯ ಉದ್ದೇಶವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಏಕೀಕರಣದ ನಂತರ ನಮ್ಮ ರಾಜ್ಯವು 1963ರಲ್ಲಿ ತನ್ನದೇ ಪೊಲೀಸ್ ಕಾಯಿದೆಯನ್ನು ಮಾಡಿಕೊಂಡಿತು. ಅದು ಜಾರಿಗೆ ಬಂದ ದಿನವಾದ ಏಪ್ರಿಲ್ 2ನ್ನು ಇಂದಿಗೂ ಪೊಲೀಸ್ ಧ್ವಜ ದಿನವೆಂದು ಆಚರಿಸಲಾಗುತ್ತಿದೆ.

ಇನ್ನು ಕೇಂದ್ರ ಪಡೆಗಳ ವಿಚಾರ. ಇವುಗಳಲ್ಲಿ ಹಿರಿದಾದುದು ಕೇಂದ್ರೀಯ ಮೀಸಲು ಪೊಲೀಸ್ ಪಡೆ, ಅಂದರೆ ಸಿಆರ್‌ಪಿಎಫ್. ಇದು ಜನ್ಮ ತಾಳಿದ ಕಾಲವನ್ನು ನೋಡಿದರೆ ಸ್ವಾರಸ್ಯವಿದೆ. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡಿನ ದಾಳಿಯಾಗಿ ಅಮಾಯಕರು ಮಡಿದರು. ಮೈಸೂರಿನಂತೆಯೇ ದೇಶದ ಇತರ ಸಂಸ್ಥಾನಗಳಲ್ಲಿಯೂ ಜನ ಎದ್ದು ನಿಂತಿದ್ದರು. ಈ ಚಳವಳಿಗಳ ಎದುರು ಸಂಸ್ಥಾನಗಳಿಗೆ ಬೆಂಬಲವಾಗಲೆಂದು 1939ರ ಜುಲೈ 27ರಂದು, ಈಗ ಮಧ್ಯಪ್ರದೇಶಕ್ಕೆ ಸೇರಿರುವ ನೀಮಚ್‌ನಲ್ಲಿ 'ಕ್ರೌನ್ ರೆಪ್ರೆಸೆಂಟೇಟಿವ್ಸ್ ಪೊಲೀಸ್' ಎಂಬ ಪಡೆಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದಾಗ ಇಂತಹ ಪಡೆಯನ್ನು ಇಟ್ಟುಕೊಳ್ಳುವುದೇ ಬೇಡವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುವಂತಹುದು. ಸರ್ದಾರ್ ವಲ್ಲಭಭಾಯಿ ಪಟೇಲರು ಅದನ್ನು ಉಳಿಸಿಕೊಂಡರು. 1949ರ ಡಿಸೆಂಬರ್ 28ರಂದು ಹೊಸ ಕಾಯಿದೆಯ ಮೂಲಕ ಅದಕ್ಕೆ ಹೊಸ ಹೆಸರು ದೊರೆಯಿತು. ಜನರ ವಿರುದ್ಧ ಕಟ್ಟಿದ ಪಡೆ ಗಣರಾಜ್ಯದ ಪಡೆಯಾದುದು ಹೀಗೆ.

ಹೊಸ ಹೆಸರಿಗೆ ಅದು ರಕ್ತದ ಬೆಲೆ ತೆತ್ತಿದೆ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನಾ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ದೇಶದ ಎಲ್ಲ ಜಿಲ್ಲಾ ಕೇಂದ್ರಗಳಲ್ಲಿ ಆ ದಿನ ನಡೆಯುವ ಹುತಾತ್ಮರ ದಿನಾಚರಣೆ ಅವರ ನೆನಪಿನದು. 1965ರ ಏಪ್ರಿಲ್ 9ರಂದು ಕಛ್‌ನ ರಣದಲ್ಲಿರುವ ಸರ್ದಾರ್ ಠಾಣ್ಯದ ಮೇಲೆ ಪಾಕಿಸ್ತಾನದ ಸೇನೆ ಎರಗಿದಾಗ ಈ ಪಡೆಯ ಸಣ್ಣ ತುಕಡಿಯೊಂದು ಅದನ್ನು ಹಿಮ್ಮೆಟ್ಟಿಸಿತು. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿಯಾದಾಗ ಪ್ರಾಣ ತೆತ್ತ ಮಹಿಳಾ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿಯವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ 40 ಮಂದಿ ಯೋಧರಲ್ಲಿ ಒಬ್ಬರು ನಮ್ಮ ನೆರೆಯ ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಅವರ ಪಾರ್ಥಿವ ಶರೀರ ಊರಿಗೆ ಬಂದ ದಿನ ದಾರಿಯುದ್ದಕ್ಕೂ ನಿಂತು ಕಣ್ಣೀರು ಸುರಿಸಿದ ಜನರನ್ನು ಮಂಡ್ಯ ಸೀಮೆ ಮರೆತಿಲ್ಲ.

ಕಾಲಕ್ರಮದಲ್ಲಿ ಇತರ ಪಡೆಗಳೂ ಹುಟ್ಟಿಕೊಂಡವು. ಚೀನಾ ಯುದ್ಧದ ಸಂದರ್ಭದಲ್ಲಿ, 1962ರಲ್ಲಿ, ಇಂಡೋ-ಟಿಬೆಟನ್ ಗಡಿ ಪೊಲೀಸ್. 1965ರ ಡಿಸೆಂಬರ್ 1ರಂದು ಗಡಿ ಭದ್ರತಾ ಪಡೆ. 1969ರಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ. ಮೈಸೂರಿನ ನೋಟು ಮುದ್ರಣಾಲಯ, ಬೆಂಗಳೂರಿನ ವಿಮಾನ ನಿಲ್ದಾಣಗಳ ಕಾವಲಿಗಿರುವವರು ಈ ಕೊನೆಯ ಪಡೆಯವರು. ನೇಪಾಳ, ಭೂತಾನ ಗಡಿಗಳನ್ನು ಸಶಸ್ತ್ರ ಸೀಮಾ ಬಲ ಕಾಯುತ್ತದೆ. ಇವೆಲ್ಲವೂ ರಕ್ಷಣಾ ಇಲಾಖೆಯವಲ್ಲ, ಕೇಂದ್ರ ಗೃಹ ಸಚಿವಾಲಯದವು. ಆದ್ದರಿಂದ ತಂದೆತಾಯಿಗಳ ಪ್ರಶ್ನೆಗೆ ಉತ್ತರ: ಇದು ಪೊಲೀಸೇ, ಮಿಲಿಟರಿಯಲ್ಲ. ಆದರೆ ಬಾಳುವ ರೀತಿ ಮಾತ್ರ ಬಹುಮಟ್ಟಿಗೆ ಮಿಲಿಟರಿಯದೇ. ಠಾಣೆಗಳ ಬದಲು ಬೆಟಾಲಿಯನ್‌ಗಳು, ಅವುಗಳೊಳಗೆ ಕಂಪನಿಗಳು, ಪ್ಲಟೂನ್‌ಗಳು. ಬೆಟಾಲಿಯನ್ನಿಗೆ ಕಮಾಂಡೆಂಟ್ ಮುಖ್ಯಸ್ಥ. ಸಿಆರ್‌ಪಿಎಫ್ ಒಂದರಲ್ಲಿಯೇ ಮೂರು ಲಕ್ಷಕ್ಕೂ ಮಿಗಿಲಾದ ಸಿಬ್ಬಂದಿಯಿದ್ದಾರೆ. ಚುನಾವಣೆಗೆ, ಗಲಭೆಗೆ, ನಕ್ಸಲರ ಕಾಡಿಗೆ, ಕಾಶ್ಮೀರಕ್ಕೆ ಎಂದು ಪಡೆ ಸದಾ ಸಂಚಾರದಲ್ಲಿರುತ್ತದೆ. ಬೆಂಗಳೂರಿನ ಯಲಹಂಕದಲ್ಲಿ ಇದರ ಗ್ರೂಪ್ ಸೆಂಟರ್ ಇದೆ.

ಕೇಂದ್ರ ಪಡೆ ಬರುವುದೆಂದರೇನೆಂದು ನಮ್ಮ ಭಾಗದವರಿಗೆ ತಿಳಿದದ್ದು ವೀರಪ್ಪನ್ ಕಾಲದಲ್ಲಿ. ಮುಡುಕುತೊರೆಯಿಂದ ಹೊಳೆ ದಾಟಿದರೆ ಕೊಳ್ಳೇಗಾಲ ಸೀಮೆ, ಅದರಾಚೆಗೆ ಮಹದೇಶ್ವರ ಬೆಟ್ಟದ ಕಾಡು. 1992ರ ಆಗಸ್ಟ್ 14ರಂದು ಮೈಸೂರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹಾಗೂ ಅವರ ಸಂಗಡಿಗರು ಮೀಣ್ಯದ ಬಳಿ ಹೊಂಚು ದಾಳಿಗೆ ಸಿಲುಕಿ ಮಡಿದರು. ಮರುವರ್ಷ ಗಡಿ ಭದ್ರತಾ ಪಡೆಯ ತುಕಡಿಗಳು ಆ ಕಾಡಿಗೆ ಬಂದವು. ಕನ್ನಡವನ್ನಾಗಲಿ ತಮಿಳನ್ನಾಗಲಿ ಅರಿಯದ ಯೋಧರಿಗೆ ಹಾಡಿಯ ಜನರೊಡನೆ ಮಾತನಾಡುವುದೇ ಕಷ್ಟವಾಗಿತ್ತು. ಮಾತು ಬಾರದವನಿಗೆ ಊರಿನವನೂ ಒಂದೇ, ಕಳ್ಳನೂ ಒಂದೇ. ಆ ವರ್ಷಗಳಲ್ಲಿ ವಿಶೇಷ ಕಾರ್ಯಪಡೆಯಿಂದ ಅಮಾಯಕರು ಪಟ್ಟ ಪಾಡನ್ನು ಮುಂದೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಬೇಕಾಯಿತು. ಕೇಂದ್ರ ಪಡೆಗಳಲ್ಲಿ ನಮ್ಮ ಭಾಷೆಯ ಮಕ್ಕಳು ಇರಬೇಕೆಂದು ನಾವು ಹೇಳುವುದು ಉದ್ಯೋಗದ ದೃಷ್ಟಿಯಿಂದ ಮಾತ್ರವಲ್ಲ.

ಹಾಗಾದರೆ ಇಷ್ಟು ದಿನ ನಮ್ಮವರೇಕೆ ಕಡಿಮೆ ಹೋದರು? ದೈಹಿಕ ಬಲದಲ್ಲಿ ನಮ್ಮ ಹಳ್ಳಿಯ ಹುಡುಗರು ಯಾರಿಗೂ ಕಡಿಮೆಯಿಲ್ಲ. ಅಡ್ಡಿಯಾದುದು ಪ್ರಶ್ನೆಪತ್ರಿಕೆ. ಅದು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಮಾತ್ರ ಇರುತ್ತಿತ್ತು. ಹಿಂದಿ ಮನೆಮಾತಾದವನು ತನ್ನ ಭಾಷೆಯಲ್ಲಿ ಬರೆಯುವಾಗ ಬನ್ನೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದರಲ್ಲಿಯೇ ಕಾಲ ಕಳೆಯುತ್ತಿದ್ದ. 2023ರ ಏಪ್ರಿಲ್‌ನಲ್ಲಿ ಸಿಆರ್‌ಪಿಎಫ್ ನೇಮಕಾತಿಯ ವೇಳೆ ತಮಿಳುನಾಡಿನ ಮುಖ್ಯಮಂತ್ರಿಯವರು ಕೇಂದ್ರಕ್ಕೆ ಪತ್ರ ಬರೆದರು. ನಮ್ಮ ರಾಜ್ಯದಲ್ಲಿಯೂ ಇದೇ ಕೂಗು ಎದ್ದಿತು. ಅದೇ ತಿಂಗಳು ಗೃಹ ಸಚಿವಾಲಯ ತೀರ್ಮಾನ ಪ್ರಕಟಿಸಿತು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ನಡೆದ ಪರೀಕ್ಷೆಯು ಹಿಂದಿ, ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಪ್ರಥಮ ಬಾರಿಗೆ ನಡೆಯಿತು. ಇಷ್ಟು ದೊಡ್ಡ ಸಂಗತಿ ನಮ್ಮ ಎಷ್ಟೋ ಮನೆಗಳಿಗೆ ಇನ್ನೂ ತಲುಪಿಲ್ಲವೆಂಬುದು ವಿಷಾದಕರ.

ನೇಮಕಾತಿಯನ್ನು ಸಿಬ್ಬಂದಿ ನೇಮಕಾತಿ ಆಯೋಗ, ಅಂದರೆ ಎಸ್‌ಎಸ್‌ಸಿ, ನಡೆಸುತ್ತದೆ. ಎಲ್ಲ ಪಡೆಗಳ ಪೇದೆ ಹುದ್ದೆಗೂ ಒಂದೇ ಪರೀಕ್ಷೆ. 2025ರ ಪರೀಕ್ಷೆಗೆ ಪ್ರಕಟವಾದ ಹುದ್ದೆಗಳು 39,481. ಬಹುಪಾಲು ಹುದ್ದೆಗಳನ್ನು ರಾಜ್ಯವಾರು ಹಂಚಲಾಗುತ್ತದೆ. ಕರ್ನಾಟಕದ ಪಾಲಿಗೆ ಕರ್ನಾಟಕದ ನಿವಾಸಿಗಳೇ ಸ್ಪರ್ಧಿಗಳು. ಎಸ್‌ಎಸ್‌ಎಲ್‌ಸಿ ತೇರ್ಗಡೆಯಾಗಿದ್ದರೆ ಸಾಕು. ವಯಸ್ಸು 18ರಿಂದ 23. ಎತ್ತರ ಪುರುಷರಿಗೆ 170 ಸೆಂಟಿಮೀಟರ್, ಮಹಿಳೆಯರಿಗೆ 157. ಒಂದು ಗಂಟೆಯಲ್ಲಿ 80 ಪ್ರಶ್ನೆಗಳಿಗೆ ಗಣಕಯಂತ್ರದ ಮುಂದೆ ಕುಳಿತು ಉತ್ತರಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಕನ್ನಡವನ್ನು ಆರಿಸಿಕೊಂಡವರಿಗೂ ಒಂದು ಭಾಗ ಇಂಗ್ಲಿಷ್ ಅಥವಾ ಹಿಂದಿ ಭಾಷೆಯದೇ ಆಗಿರುತ್ತದೆ, ಅದನ್ನು ಮರೆಯಬಾರದು. ಇದರಲ್ಲಿ ಆಯ್ಕೆಯಾದವರು 24 ನಿಮಿಷದಲ್ಲಿ 5 ಕಿಲೋಮೀಟರ್ ಓಡಬೇಕು. ಹೆಣ್ಣುಮಕ್ಕಳಿಗೆ ಎಂಟೂವರೆ ನಿಮಿಷದಲ್ಲಿ 1.6 ಕಿಲೋಮೀಟರ್. ಬಳಿಕ ವೈದ್ಯಕೀಯ ಪರೀಕ್ಷೆ. ಕಾಲೇಜಿನಲ್ಲಿ ಎನ್‌ಸಿಸಿ ಪ್ರಮಾಣಪತ್ರ ಪಡೆದವರಿಗೆ ಹೆಚ್ಚುವರಿ ಅಂಕಗಳುಂಟು.

ಹೆಣ್ಣುಮಕ್ಕಳ ವಿಚಾರದಲ್ಲಿ ನಮ್ಮವರು ಇನ್ನೂ ಹಿಂಜರಿಯುತ್ತಾರೆ. ಸಿಆರ್‌ಪಿಎಫ್‌ನ ಮೊದಲ ಮಹಿಳಾ ಬೆಟಾಲಿಯನ್ 1986ರಲ್ಲಿಯೇ ಆರಂಭವಾಯಿತು. 2007ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ದೂರದ ಲೈಬೀರಿಯಾಕ್ಕೆ ಹೋದ ತುಕಡಿ ಪೂರ್ಣವಾಗಿ ಮಹಿಳೆಯರದು. ನಮ್ಮ ರಾಜ್ಯದಲ್ಲಿಯೇ 2017ರಲ್ಲಿ ನೀಲಮಣಿ ಎನ್. ರಾಜು ಅವರು ಪೊಲೀಸ್ ಮಹಾನಿರ್ದೇಶಕರ ಪೀಠವನ್ನೇರಿದರು. ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಸಮಾಜದ ಕುಟುಂಬಗಳು ಎಡವುವ ಇನ್ನೊಂದು ಸ್ಥಳವಿದೆ. ರಾಜ್ಯದ ನೇಮಕಾತಿಗೆ ಉಪಯೋಗಕ್ಕೆ ಬರುವ ಪ್ರವರ್ಗ 3ಬಿ ಪ್ರಮಾಣಪತ್ರವು ಕೇಂದ್ರದ ನೇಮಕಾತಿಯಲ್ಲಿ ನಡೆಯುವುದಿಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯೇ ಬೇರೆ. ತಮ್ಮ ಉಪಪಂಗಡದ ಹೆಸರು ಅದರಲ್ಲಿ ಇದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಇಲ್ಲದಿದ್ದರೆ, ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿಗಿಂತ ಕಡಿಮೆಯಿದ್ದು, ಜಮೀನು ಐದು ಎಕರೆಯ ಮಿತಿಯೊಳಗಿದ್ದರೆ, ಆರ್ಥಿಕವಾಗಿ ಹಿಂದುಳಿದವರಿಗೆ 2019ರಿಂದ ದೊರೆಯುತ್ತಿರುವ ಶೇಕಡಾ 10ರ ಮೀಸಲಾತಿಗೆ ತಹಸೀಲ್ದಾರರಿಂದ ಪ್ರಮಾಣಪತ್ರ ಪಡೆಯಬಹುದು. ಆದರೆ ಇದರಲ್ಲಿ ವಯೋಮಿತಿಯ ಸಡಿಲಿಕೆಯಿಲ್ಲ.

ಈಗ ಕಹಿಯಾದ ಮಾತೊಂದನ್ನು ಹೇಳಲೇಬೇಕು. 'ಇಷ್ಟು ಕೊಟ್ಟರೆ ಕೆಲಸ ಖಾತ್ರಿ' ಎನ್ನುವ ದಲ್ಲಾಳಿಗಳು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ. ಜಮೀನು ಅಡವಿಟ್ಟು ಹಣ ಕೊಡುವ ತಂದೆಯರೂ ಇದ್ದಾರೆ. ಅಂಥವರು 2021ರ ಅಕ್ಟೋಬರ್ 3ರಂದು ನಮ್ಮ ರಾಜ್ಯದಲ್ಲಿ 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯ ಗತಿಯನ್ನು ನೆನೆಯಲಿ. ಉತ್ತರಪತ್ರಿಕೆ ತಿದ್ದಿದ, ಬ್ಲೂಟೂತ್ ಬಳಸಿದ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ನೇಮಕಾತಿಯನ್ನೇ ರದ್ದುಪಡಿಸಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೂ ಸೇರಿದಂತೆ ಅನೇಕರು ಬಂಧನಕ್ಕೊಳಗಾದರು. ಲಕ್ಷಗಟ್ಟಲೆ ಕೊಟ್ಟವರ ಹಣವೂ ಹೋಯಿತು, ಮಾನವೂ ಹೋಯಿತು. ಅದಕ್ಕಿಂತ ನಮ್ಮನ್ನು ನೋಯಿಸುವುದು, ರಾತ್ರಿ ಹಗಲು ಓದಿ ಪ್ರಾಮಾಣಿಕವಾಗಿ ಆಯ್ಕೆಯಾಗಿದ್ದ ಬಡವರ ಮಕ್ಕಳ ಸ್ಥಿತಿ. ಯಾರೋ ಮಾಡಿದ ತಪ್ಪಿಗೆ ಅವರು 2024ರ ಜನವರಿ 23ರ ಮರುಪರೀಕ್ಷೆಯವರೆಗೆ ಕಾಯಬೇಕಾಯಿತು. ಹಣ ಕೊಟ್ಟು ಖಾಕಿ ತೊಟ್ಟವನು ಜಾತ್ರೆಯಲ್ಲಿ ನಮ್ಮ ಜೇಬು ಕಾಯುತ್ತಾನೆಂದು ನಂಬುವುದು ಹೇಗೆ?

ಸೇರಿದ ಮೇಲಿನ ಬಾಳನ್ನೂ ಮುಚ್ಚಿಡದೆ ಹೇಳುವುದು ಒಳ್ಳೆಯದು. ಏಳನೆಯ ವೇತನ ಆಯೋಗದ ಪ್ರಕಾರ ಪೇದೆಯ ಮೂಲವೇತನ 21,700 ರೂಪಾಯಿಯಿಂದ ಆರಂಭ, ಭತ್ಯೆಗಳು ಬೇರೆ. 2004ರ ಜನವರಿ 1ರ ನಂತರ ಸೇರಿದವರನ್ನು ಸರ್ಕಾರ ಹಳೆಯ ಪಿಂಚಣಿ ಪದ್ಧತಿಯ ಬದಲು ರಾಷ್ಟ್ರೀಯ ಪಿಂಚಣಿ ಯೋಜನೆಯಲ್ಲಿ ಇರಿಸಿದೆ. ಈ ವಿಚಾರ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ರಜೆ ಕಡಿಮೆ. ಹಬ್ಬಕ್ಕೆ, ಅಕ್ಕತಂಗಿಯರ ಮದುವೆಗೆ ಬರಲಾಗದಿರುವುದು ಸಾಮಾನ್ಯ. ತರಬೇತಿಯ ಮೊದಲ ತಿಂಗಳಿನಲ್ಲಿ ಮನೆಗೆ ಫೋನು ಮಾಡಿ ಅಳುವ ಹುಡುಗನಿಗೆ "ಬಂದುಬಿಡು ಮಗ" ಎನ್ನುವ ತಾಯಂದಿರೂ ಉಂಟು. ಮುದ್ದೆ, ಉಪ್ಪುಸಾರು ತಿಂದು ಬೆಳೆದವನಿಗೆ ರೊಟ್ಟಿ ದಾಲ್ ಒಗ್ಗಲು ಕೆಲವು ವಾರ ಬೇಕು, ಅಷ್ಟೆ.

ಅರ್ಜಿಯನ್ನು ಎಸ್‌ಎಸ್‌ಸಿಯ ಅಧಿಕೃತ ಅಂತರ್ಜಾಲ ತಾಣದಲ್ಲಿಯೇ ಹಾಕಬೇಕು. ಶುಲ್ಕ 100 ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅದೂ ಇಲ್ಲ. ಅಧಿಸೂಚನೆ ಬರುವ ಮುನ್ನವೇ ವಾಸಸ್ಥಳ ದೃಢೀಕರಣ ಪತ್ರವನ್ನು ತಾಲ್ಲೂಕು ಕಚೇರಿಯಿಂದ ಪಡೆದಿಟ್ಟುಕೊಳ್ಳುವುದು ಲೇಸು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ದಾಖಲೆ ಪರಿಶೀಲನೆಯ ದಿನ ಪರದಾಡಬೇಕಾದೀತು. ನಮ್ಮ ಕಡೆ ಮನೆದೇವರ ಹೆಸರಿಗೆ 'ಸ್ವಾಮಿ', 'ಪ್ಪ', 'ಯ್ಯ' ಸೇರಿಸುವುದರಲ್ಲಿಯೇ ಇಂತಹ ವ್ಯತ್ಯಾಸ ನುಸುಳುವುದು ಹೆಚ್ಚು. ಅದನ್ನು ಈಗಲೇ ಸರಿಪಡಿಸಿಕೊಂಡು, ನಾಲೆಯ ಏರಿಯ ಮೇಲೆ ಬೆಳಗಿನ ಓಟವನ್ನು ಇಂದಿನಿಂದಲೇ ಆರಂಭಿಸಬಹುದು.