ಬಿಗಿ ಹಿಡಿದರೆ ತಿರುಗದು ಸಾಯ್

1984ರಲ್ಲಿ ಅಮೆರಿಕದ ಕಾಮಿಕ್ಸ್ ಪುಟಗಳಲ್ಲಿ ಹುಟ್ಟಿ, ಆಮೇಲೆ ಟಿವಿಗೂ ಸಿನಿಮಾಕ್ಕೂ ಬಂದ ನಿಂಜಾ ಆಮೆಗಳನ್ನು ನೋಡಿದವರಿಗೆ ರಾಫೆಲ್ ಗೊತ್ತಿರುತ್ತಾನೆ. ಅವನ ಎರಡೂ ಕೈಗಳಲ್ಲಿರುವ, ತ್ರಿಶೂಲದಂತೆ ಕಾಣುವ ಗಿಡ್ಡ ಆಯುಧವೇ ಸಾಯ್. ತೆರೆಯ ಮೇಲೆ ಅದು ಇರಿಯುವ ಆಯುಧ. ನಿಜವಾದ ಸಾಯ್‌ಗೆ ಅಲಗೇ ಇಲ್ಲ. ಅದರ ಊರು ಜಪಾನಿನ ದಕ್ಷಿಣ ತುದಿಯ ಒಕಿನಾವಾ. ಕರಾಟೆ ಬೆಳೆದದ್ದೂ ಅಲ್ಲೇ. ಬರಿಗೈಯದು ಕರಾಟೆ, ಆಯುಧದ್ದು ಕೊಬುಡೊ. ಎರಡೂ ಒಂದೇ ಮನೆಯ ವಿದ್ಯೆಗಳು.

ಹಿಡಿಯಲು ಹುಟ್ಟಿದ್ದು

ಒಕಿನಾವಾ ಹಿಂದೆ ರ‍್ಯೂಕ್ಯೂ ಎಂಬ ರಾಜ್ಯವಾಗಿತ್ತು. 1609ರಲ್ಲಿ ಜಪಾನಿನ ಸತ್ಸುಮಾ ಸೇನೆ ಅದನ್ನು ಮಣಿಸಿತು. 1879ರಲ್ಲಿ ಅದು ಪೂರ್ತಿಯಾಗಿ ಜಪಾನಿನ ವಶವಾಯಿತು. ಆಯುಧ ಕಳೆದುಕೊಂಡ ರೈತರು ಹೊಲದ ಸಲಕರಣೆಗಳನ್ನೇ ಆಯುಧ ಮಾಡಿಕೊಂಡರು ಎಂಬ ಕತೆ ಇವತ್ತಿಗೂ ಎಲ್ಲೆಡೆ ಓಡಾಡುತ್ತದೆ. ಸಾಯ್ ವಿಷಯದಲ್ಲಿ ಅದನ್ನು ಒಪ್ಪುವುದು ಕಷ್ಟ. ರ‍್ಯೂಕ್ಯೂ ಕಾಲದಲ್ಲಿ ಇದು ಪೊಲೀಸರ ಆಯುಧವಾಗಿತ್ತು. ಕಳ್ಳನನ್ನು ಹಿಡಿಯಲು, ಗುಂಪು ಚದುರಿಸಲು ಬಳಕೆಯಾಗುತ್ತಿತ್ತು. ಇದೇ ರೂಪದ ಆಯುಧ ಇಂಡೊನೇಷ್ಯಾದಲ್ಲೂ ಮಲೇಷ್ಯಾದಲ್ಲೂ ಇದೆ. ಎದುರಾಳಿಯನ್ನು ಕೊಲ್ಲದೆ ತಡೆದು ನಿಲ್ಲಿಸಬೇಕಾದವನಿಗೆ ಇಂಥದ್ದೇ ಬೇಕು.

ನಡುವೆ ದುಂಡಗಿನ ಅಥವಾ ಎಂಟು ಮೂಲೆಯ ಕಬ್ಬಿಣದ ಸರಳು, ಅದರ ಬುಡದಲ್ಲಿ ಎರಡು ಕವಲು, ಕೆಳಗೆ ಹಿಡಿ, ಹಿಡಿಯ ತುದಿಗೊಂದು ಗುಂಡು: ಇಷ್ಟೇ ಸಾಯ್. ಕೊಳ್ಳುವಾಗ ಅಳತೆ ನೋಡುವುದು ಅಂಗಡಿಯ ಟೇಪಿನಲ್ಲಲ್ಲ, ನಿಮ್ಮದೇ ತೋಳಿನಲ್ಲಿ. ಸರಳನ್ನು ಮುಂಗೈಗೆ ಒರಗಿಸಿ ಹಿಡಿದಾಗ ತುದಿ ಮೊಣಕೈಯನ್ನು ದಾಟಿ ಎರಡು ಮೂರು ಸೆಂಟಿಮೀಟರ್ ಹೊರಬರಬೇಕು. ಗಿಡ್ಡವಾದರೆ ಮೊಣಕೈಗೆ ರಕ್ಷಣೆಯಿಲ್ಲ.

ಎಲ್ಲವೂ ಹೆಬ್ಬೆರಳಲ್ಲಿ

ಮೊದಲ ಪಾಠ ಮುಚ್ಚಿದ ಹಿಡಿತ. ಸರಳು ಮುಂಗೈಗೆ ಅಂಟಿಕೊಂಡು ಮೊಣಕೈಯತ್ತ ಚಾಚಿರುತ್ತದೆ. ತೋರುಬೆರಳು ಹಿಡಿಯ ಉದ್ದಕ್ಕೂ ನೇರ, ಹೆಬ್ಬೆರಳು ಕವಲಿನ ಸಂದಿನಲ್ಲಿ, ಉಳಿದ ಮೂರು ಬೆರಳು ಕವಲಿನ ಸುತ್ತ.

ಎರಡನೆಯದು ತೆರೆದ ಹಿಡಿತ: ಸರಳು ಮುಂದಕ್ಕೆ, ಬೆರಳುಗಳು ಹಿಡಿಯ ಮೇಲೆ. ಒಂದರಿಂದ ಇನ್ನೊಂದಕ್ಕೆ ಹೊರಳುವುದರಲ್ಲೇ ಸಾಯ್‌ನ ಗುಟ್ಟಿದೆ. ಮೂರು ಬೆರಳು ಸಡಿಲಿಸಿ ಮಣಿಕಟ್ಟನ್ನು ಒಮ್ಮೆ ಚಿಮ್ಮಿದರೆ ಸರಳು ಅರ್ಧ ಸುತ್ತು ಹಾಕಿ ಮುಂದೆ ಬರುತ್ತದೆ. ತಲುಪಿದ ಕ್ಷಣಕ್ಕೆ ಬೆರಳು ಮತ್ತೆ ಬಿಗಿಯಾಗಬೇಕು. ಹೆಬ್ಬೆರಳು ಮಾತ್ರ ಸಂದು ಬಿಟ್ಟು ಕದಲಕೂಡದು. ಅದು ಹಿಡಿಯ ಸುತ್ತ ಸುತ್ತಿಕೊಂಡರೆ ಸಾಯ್ ಹಿಂದಕ್ಕೆ ಮಡಚುವುದಿಲ್ಲ.

ಹೊಸಬರು ಜಾರೀತೆಂದು ಹೆದರಿ ಮುಷ್ಟಿ ಬಿಗಿಯುತ್ತಾರೆ. ಮಣಿಕಟ್ಟು ಸೆಟೆದುಕೊಳ್ಳುತ್ತದೆ, ಕೆಲಸವೆಲ್ಲ ಭುಜದ ಮೇಲೆ ಬೀಳುತ್ತದೆ, ಹಿಂದಿರುಗುವ ಸರಳು ಮೊಣಕೈಗೆ ಬಡಿಯುತ್ತದೆ. ಆದ್ದರಿಂದ ಮೊದಲು ಒಂದೇ ಕೈ, ನಿಧಾನದ ತಿರುವು. ಎಡಗೈಗೂ ಅಷ್ಟೇ ಅಭ್ಯಾಸವಾದ ಮೇಲೆ ಜೋಡಿ. ಬರಿಗಾಲಲ್ಲಿ ಕಲಿಯುವ ವಿದ್ಯೆಯಾದ್ದರಿಂದ ಸರಳು ಜಾರಿದರೆ ನೋವು ಕಾಲ್ಬೆರಳಿಗೆ. ಪಕ್ಕದವರಿಂದ ದೂರ ನಿಲ್ಲಬೇಕು.

ತಡೆ, ಸಿಕ್ಕಿಸು, ಹೊಡೆ

ಮುಚ್ಚಿದ ಹಿಡಿತದಲ್ಲಿ ಕರಾಟೆಯ ತಡೆಗಳೆಲ್ಲ ಹಾಗೆಯೇ ಬರುತ್ತವೆ. ಏಟು ಮೂಳೆಗೆ ಬೀಳುವ ಬದಲು ಕಬ್ಬಿಣಕ್ಕೆ ಬೀಳುತ್ತದೆ. ಗುದ್ದಿದರೆ ಹಿಡಿಯ ಗುಂಡು ಮೊದಲು ತಾಗುತ್ತದೆ. ತೆರೆದ ಹಿಡಿತದಲ್ಲಿ ಸರಳಿನ ಬದಿಯಿಂದ ಹೊಡೆಯಬಹುದು, ತುದಿಯಿಂದ ತಿವಿಯಬಹುದು. ತಿರುವೇ ಹೊಡೆತವೂ ಆಗುತ್ತದೆ: ಚಿಮ್ಮಿದ ಸರಳು ಗುರಿ ಮುಟ್ಟಿ ತಕ್ಷಣ ಮುಂಗೈಗೆ ಮರಳುತ್ತದೆ.

ಕವಲಿನ ಕೆಲಸ ಬೇರೆ. ಎದುರಾಳಿ ಬೊ, ಅಂದರೆ ಆಳೆತ್ತರದ ದೊಣ್ಣೆ, ಬೀಸಿದಾಗ ಅದನ್ನು ಸರಳಿಗೂ ಕವಲಿಗೂ ನಡುವೆ ಹಿಡಿದು ಮಣಿಕಟ್ಟು ಹೊರಳಿಸಿದರೆ ದೊಣ್ಣೆ ಸಿಕ್ಕಿಕೊಳ್ಳುತ್ತದೆ. ಒಂದು ಕೈ ದೊಣ್ಣೆಯನ್ನು ಕಟ್ಟಿಹಾಕುವಾಗ ಇನ್ನೊಂದು ಕೈ ಬಿಡುವಾಗಿರುತ್ತದೆ. ಸಾಯ್ ಜೋಡಿಯಲ್ಲಿರುವುದು ಅದಕ್ಕೇ.

ಇವೆಲ್ಲ ಒಟ್ಟಾಗಿ ಉಳಿದಿರುವುದು ಕಟಾಗಳಲ್ಲಿ, ಅಂದರೆ ಕ್ರಮ ಕಟ್ಟಿದ ಅಭ್ಯಾಸ ಸರಣಿಗಳಲ್ಲಿ. ತ್ಸುಕೆನ್, ಹಮಾಹಿಗಾದಂಥ ಪುಟ್ಟ ದ್ವೀಪಗಳ ಹೆಸರು ಹೊತ್ತ ಸಾಯ್ ಕಟಾಗಳು ಇಂದಿಗೂ ಬಳಕೆಯಲ್ಲಿವೆ. ಕಳೆದ ಶತಮಾನದಲ್ಲಿ ಇಂಥವು ಮರೆಯಾಗದಂತೆ ಕಲೆಹಾಕಿ ಕಲಿಸಿದವರಲ್ಲಿ ಟೈರಾ ಶಿಂಕೆನ್ (1897–1970) ಪ್ರಮುಖರು.

ನಮ್ಮ ಊರುಗಳಲ್ಲಿ ಕರಾಟೆ ತರಗತಿಗಳಿಗೆ ಬರವಿಲ್ಲ. ಸಾಯ್ ಕಲಿಯುವ ಆಸೆಯಿದ್ದರೆ ಸೇರುವ ಮುನ್ನ ಮಾಸ್ಟರನ್ನು ಒಂದೇ ಮಾತು ಕೇಳಿ: ಎದುರಿಗೆ ಬೊ ಹಿಡಿದವರನ್ನು ನಿಲ್ಲಿಸಿ ಅಭ್ಯಾಸ ಮಾಡಿಸುತ್ತೀರಾ? ಗಾಳಿಯಲ್ಲಿ ತಿರುಗಿಸುವುದು ಪ್ರದರ್ಶನಕ್ಕೆ ಸಾಕು. ಬೀಸಿ ಬರುವ ದೊಣ್ಣೆಯೆದುರು ಮುಷ್ಟಿ ಸಡಿಲ ಇಟ್ಟುಕೊಳ್ಳುವುದನ್ನು ಮಾತ್ರ ಎದುರಾಳಿಯಿಲ್ಲದೆ ಯಾರೂ ಕಲಿಸಲಾರರು.