ಕಮಿಷನರ್ ಯಾರು ಎಂಬುದಕ್ಕಿಂತ ಎಷ್ಟು ದಿನ ಎಂಬುದು ಮುಖ್ಯ

ಬೆಂಗಳೂರಿಗೆ ಹೊಸ ಪೊಲೀಸ್ ಕಮಿಷನರ್ ಬಂದಾಗಲೆಲ್ಲ ಸುದ್ದಿ ಒಂದೇ ಧಾಟಿಯಲ್ಲಿರುತ್ತದೆ. ಅವರು ಯಾವ ಬ್ಯಾಚಿನವರು, ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ್ದರು, ಖಡಕ್ ಅಧಿಕಾರಿಯೋ ಮೆದು ಸ್ವಭಾವದವರೋ, ರೌಡಿಗಳ ಎದೆ ನಡುಗಿಸುತ್ತಾರೋ ಇಲ್ಲವೋ. ನಗರ ಪೊಲೀಸ್ ನಾಯಕತ್ವ ಎಂದರೆ ಕುರ್ಚಿಯಲ್ಲಿ ಕೂತವರ ಗುಣ ಎಂದೇ ನಾವು ನಂಬಿಬಿಟ್ಟಿದ್ದೇವೆ. ಸಿನಿಮಾಗಳೂ ಈ ನಂಬಿಕೆಗೆ ನೀರೆರೆದಿವೆ. ಕುರ್ಚಿಯ ಲೆಕ್ಕ ತೆಗೆದರೆ ಬೇರೆಯದೇ ಸಂಗತಿ ಕಾಣುತ್ತದೆ. 2014ರ ಜುಲೈಯಿಂದ 2025ರ ಜೂನ್ ತನಕ ಅಲ್ಲಿ ಕೂತವರು ಒಂಬತ್ತು ಮಂದಿ: ಎಂ.ಎನ್. ರೆಡ್ಡಿ, ಎನ್.ಎಸ್. ಮೇಘರಿಕ್, ಪ್ರವೀಣ್ ಸೂದ್, ಟಿ. ಸುನೀಲ್ ಕುಮಾರ್, ಅಲೋಕ್ ಕುಮಾರ್, ಭಾಸ್ಕರ್ ರಾವ್, ಕಮಲ್ ಪಂತ್, ಪ್ರತಾಪ್ ರೆಡ್ಡಿ ಮತ್ತು ಬಿ. ದಯಾನಂದ. ತಲೆಗೆ ಸರಾಸರಿ ಹದಿನೈದು ತಿಂಗಳೂ ಸಿಕ್ಕಿಲ್ಲ. ಎರಡು ವರ್ಷ ಮುಟ್ಟಿದವರು ದಯಾನಂದ ಒಬ್ಬರೇ. ಅವರ ಅಧಿಕಾರಾವಧಿ ಮುಗಿದದ್ದು ಅಮಾನತಿನಲ್ಲಿ. ಇಷ್ಟು ಬೇಗ ಬೇಗ ಬದಲಾಗುವ ಹುದ್ದೆಯಲ್ಲಿ ಎಂಥವರು ಕೂತರೂ ನಾಯಕತ್ವ ಬೇರೂರುವುದು ಕಷ್ಟ ಎಂಬುದೇ ಈ ಲೇಖನದ ವಾದ.

ಮೊದಲು ಈ ಹುದ್ದೆಯ ತೂಕ ಎಷ್ಟು ಎಂದು ನೋಡೋಣ. ಬೆಂಗಳೂರಿಗೆ ಕಮಿಷನರೇಟ್ ವ್ಯವಸ್ಥೆ ಬಂದದ್ದು 1963ರಲ್ಲಿ. ಜಿಲ್ಲೆಯಲ್ಲಿ ಎಸ್‌ಪಿ ಒಬ್ಬರೇ ಎಲ್ಲವನ್ನೂ ತೀರ್ಮಾನಿಸುವಂತಿಲ್ಲ. ನಿಷೇಧಾಜ್ಞೆಯಂಥ ಆದೇಶಗಳಿಗೆ ಜಿಲ್ಲಾಧಿಕಾರಿಯ ಸಹಿ ಬೇಕು. ಕಮಿಷನರೇಟ್‌ನಲ್ಲಿ ಆ ದಂಡಾಧಿಕಾರವೂ ಪೊಲೀಸರ ಕೈಯಲ್ಲೇ ಇದೆ. ಮೆರವಣಿಗೆಗೆ ಅನುಮತಿ ಕೊಡುವುದು, ಗುಂಪು ಸೇರದಂತೆ ತಡೆಯುವುದು, ರೌಡಿಯನ್ನು ಗಡಿಪಾರು ಮಾಡುವುದು, ಸಂಚಾರದ ದಾರಿ ಬದಲಿಸುವುದು ಎಲ್ಲವೂ ಒಂದೇ ಕಚೇರಿಯಿಂದ ಹೊರಡುತ್ತವೆ. ನೂರಕ್ಕೂ ಹೆಚ್ಚು ಠಾಣೆಗಳು, ಅವುಗಳ ಮೇಲೆ ಎಸಿಪಿಗಳು, ಡಿಸಿಪಿಗಳು, ಸಂಚಾರ ಮತ್ತು ಅಪರಾಧ ವಿಭಾಗಗಳು ಈ ಒಂದು ಕುರ್ಚಿಯ ಕಡೆಗೇ ಮುಖ ಮಾಡಿವೆ. ಇಂಥ ಯಂತ್ರವನ್ನು ಅರಿಯಲು ಒಂದು ಸುತ್ತಿನ ವರ್ಷವಾದರೂ ಬೇಕು. ಕರಗ, ಗಣೇಶ ವಿಸರ್ಜನೆ, ಎಂ.ಜಿ. ರಸ್ತೆಯ ಹೊಸ ವರ್ಷದ ರಾತ್ರಿ, ನಡುವೆ ಬರುವ ಚುನಾವಣೆ, ಪ್ರತಿಭಟನೆ ಎಲ್ಲಕ್ಕೂ ಪ್ರತ್ಯೇಕ ಬಂದೋಬಸ್ತ್ ಇದೆ, ಪ್ರತ್ಯೇಕ ಅಪಾಯವಿದೆ. ಮೊದಲ ವರ್ಷ ಕಮಿಷನರ್ ಇವನ್ನು ಹಿಂದಿನ ಕಡತ ನೋಡಿ ನಿಭಾಯಿಸುತ್ತಾರೆ. ತಾವೇ ಕಂಡ ಕೊರತೆಯನ್ನು ತಾವೇ ಸರಿಪಡಿಸುವ ಅವಕಾಶ ಬರುವುದು ಎರಡನೆಯ ಸಲ. ನಮ್ಮಲ್ಲಿ ಹೆಚ್ಚಿನವರಿಗೆ ಎರಡನೆಯ ಸಲ ಪೂರ್ತಿಯಾಗಿ ಸಿಗುವುದೇ ಇಲ್ಲ.

2019ರಲ್ಲಿ ಇದು ಢಾಳಾಗಿ ಕಂಡಿತು. ಆ ಜೂನ್‌ನಲ್ಲಿ ಮೈತ್ರಿ ಸರ್ಕಾರ ಸುನೀಲ್ ಕುಮಾರ್ ಅವರ ಜಾಗಕ್ಕೆ ಅಲೋಕ್ ಕುಮಾರ್ ಅವರನ್ನು ತಂದಿತು. ಜುಲೈ ಕೊನೆಗೆ ಸರ್ಕಾರ ಬದಲಾಯಿತು. ಆಗಸ್ಟ್ ಮೊದಲ ವಾರವೇ ಭಾಸ್ಕರ್ ರಾವ್ ಬಂದರು. ಅಲೋಕ್ ಕುಮಾರ್ ಅವರಿಗೆ ಸಿಕ್ಕಿದ್ದು ಸುಮಾರು ಒಂದೂವರೆ ತಿಂಗಳು. ಮರುವರ್ಷದ ಆಗಸ್ಟ್ ಮೊದಲಿಗೆ ಮತ್ತೆ ಬದಲಾವಣೆಯಾಗಿ ಕಮಲ್ ಪಂತ್ ಬಂದರು. ಅವರು ಬಂದು ಹತ್ತು ದಿನ ಕಳೆಯುವಷ್ಟರಲ್ಲಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಠಾಣೆಗಳ ಮೇಲೇ ದಾಳಿಯಾಯಿತು. ಅದಕ್ಕೂ ಹಿಂದೆ, ಮಹಿಳೆಯರ ಮೇಲಿನ ದೌರ್ಜನ್ಯದ ದೂರುಗಳಿಂದ ದೇಶವೇ ಬೆಂಗಳೂರಿನತ್ತ ನೋಡಿದ 2016ರ ವರ್ಷಾಂತ್ಯದ ರಾತ್ರಿಯ ಆಸುಪಾಸಿನಲ್ಲೇ ಮೇಘರಿಕ್ ಅವರಿಂದ ಸೂದ್ ಅವರಿಗೆ ಅಧಿಕಾರ ಹಸ್ತಾಂತರವಾಗಿತ್ತು. ಕಮಿಷನರ್ ಬದಲಾದದ್ದರಿಂದಲೇ ಈ ಘಟನೆಗಳು ನಡೆದವು ಎನ್ನಲು ಆಧಾರವಿಲ್ಲ. ಆದರೆ ನಗರಕ್ಕೆ ತೀರಾ ಕಷ್ಟದ ಗಳಿಗೆ ಬಂದಾಗ ಚುಕ್ಕಾಣಿ ಹಿಡಿದವರು ಆ ಕುರ್ಚಿಗೆ ಹೊಸಬರಾಗಿರುವ ಸಂಭವವನ್ನು ನಾವೇ ಹೆಚ್ಚಿಸಿಕೊಂಡಿದ್ದೇವೆ ಎಂಬುದಂತೂ ನಿಜ.

ಇದಕ್ಕೆ ಮೊದಲ ಆಕ್ಷೇಪ ಪ್ರವೀಣ್ ಸೂದ್ ಅವರ ಅವಧಿಯಿಂದಲೇ ಬರಬಹುದು. ಅವರಿದ್ದದ್ದು ಏಳೇ ತಿಂಗಳು. ಅಷ್ಟರಲ್ಲೇ ತುರ್ತು ಕರೆಗಳ ‘ನಮ್ಮ 100’ ವ್ಯವಸ್ಥೆ, ಸುರಕ್ಷಾ ಆ್ಯಪ್, ಮಹಿಳೆಯರಿಗಾಗಿ ಪಿಂಕ್ ಹೊಯ್ಸಳ ಗಸ್ತು ವಾಹನಗಳು ಬಂದವು. ಸಮರ್ಥರಿಗೆ ಕಾಲದ ಹಂಗೇಕೆ? ಆದರೆ ಸೂದ್ ಆ ಕುರ್ಚಿಗೆ ಬರಿಗೈಯಲ್ಲಿ ಬಂದವರಲ್ಲ. ಅದಕ್ಕೂ ಹಿಂದೆ 2008ರಿಂದ ಸುಮಾರು ಮೂರು ವರ್ಷ ಇದೇ ನಗರದ ಸಂಚಾರ ವಿಭಾಗದ ಹೆಚ್ಚುವರಿ ಕಮಿಷನರ್ ಆಗಿದ್ದರು. ನಗರದ ರಸ್ತೆ, ಠಾಣೆ, ಜನ ಎಲ್ಲವೂ ಅವರಿಗೆ ಪರಿಚಿತ. ಏಳು ತಿಂಗಳ ಕೆಲಸದ ಹಿಂದೆ ಮೂರು ವರ್ಷದ ತಿಳಿವಳಿಕೆಯಿತ್ತು ಎಂದರೆ ಆ ಉದಾಹರಣೆ ಈ ವಾದವನ್ನು ಗಟ್ಟಿ ಮಾಡುತ್ತದೆಯೇ ಹೊರತು ಕೆಡವುವುದಿಲ್ಲ. ಇನ್ನು, ಯೋಜನೆಯೊಂದನ್ನು ಉದ್ಘಾಟಿಸುವುದು ಒಂದು ಕೆಲಸವಾದರೆ, ಠಾಣೆಯ ಹೆಡ್ ಕಾನ್‌ಸ್ಟೇಬಲ್ ಅದನ್ನು ದಿನವೂ ಪಾಲಿಸುವಂತೆ ಮಾಡುವುದು ಮತ್ತೊಂದು. ಸಾಹೇಬರು ಇನ್ನು ಎಷ್ಟು ದಿನ ಇರುತ್ತಾರೋ ಎಂದು ಕೆಳಗಿನವರಿಗೆ ಅನುಮಾನ ಹುಟ್ಟಿದ ದಿನವೇ ಎರಡನೆಯ ಕೆಲಸ ನಿಲ್ಲುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಪೊಲೀಸ್ ಅಧಿಕಾರಿಯನ್ನು ಕುರ್ಚಿಗೆ ಅಂಟಿಸಿದರೆ ಅವರು ಯಾರಿಗೆ ಉತ್ತರ ಕೊಡುತ್ತಾರೆ? ಜನರಿಂದ ಆರಿಸಿ ಬಂದ ಸರ್ಕಾರಕ್ಕೆ ತನ್ನ ಕಮಿಷನರ್‌ನನ್ನು ಬದಲಿಸುವ ಹಕ್ಕಿಲ್ಲವೇ? ಈ ಭಯ ನಿರಾಧಾರವಲ್ಲ. ನ್ಯೂಯಾರ್ಕಿನಲ್ಲಿ ರೇಮಂಡ್ ಕೆಲ್ಲಿ 2002ರಿಂದ 2013ರವರೆಗೆ ಸತತವಾಗಿ ಕಮಿಷನರ್ ಆಗಿದ್ದರು. ಅವರ ಕಾಲದಲ್ಲಿ ದಾರಿಹೋಕರನ್ನು ತಡೆದು ತಪಾಸಣೆ ಮಾಡುವ ಪದ್ಧತಿ ವಿಪರೀತವಾಗಿ ಬೆಳೆಯಿತು. ಅದು ನಡೆಯುತ್ತಿದ್ದ ರೀತಿ ಸಂವಿಧಾನ ವಿರೋಧಿ ಎಂದು 2013ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ಕಾಲಾವಕಾಶ ಒಂದೇ ಸಾಲದು, ಮೇಲೊಂದು ಕಣ್ಣೂ ಬೇಕು ಎಂಬುದಕ್ಕೆ ಇದು ಸಾಕ್ಷಿ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಹೇಳಿದ್ದೂ ಇವೆರಡನ್ನೂ ಸೇರಿಸಿಯೇ. ರಾಜ್ಯದ ಪೊಲೀಸ್ ಮುಖ್ಯಸ್ಥರಿಂದ ಹಿಡಿದು ಜಿಲ್ಲೆಯ ಎಸ್‌ಪಿ, ಠಾಣಾಧಿಕಾರಿಯವರೆಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು ಎಂದ ಅದೇ ತೀರ್ಪು, ಜನರ ದೂರು ಕೇಳಲು ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂದೂ ಆದೇಶಿಸಿತು. ಶಿಸ್ತುಕ್ರಮ, ಶಿಕ್ಷೆ, ಅಸಾಮರ್ಥ್ಯದಂಥ ಕಾರಣವಿದ್ದರೆ ಅವಧಿಗೆ ಮೊದಲೇ ತೆಗೆಯಲು ದಾರಿ ತೆರೆದಿಟ್ಟಿತು. ಠಾಣಾಧಿಕಾರಿಗೇ ಎರಡು ವರ್ಷ ಬೇಕು ಎಂದ ಮೇಲೆ ಇಡೀ ನಗರ ನೋಡಿಕೊಳ್ಳುವವರಿಗೆ ಅದಕ್ಕಿಂತ ಕಡಿಮೆ ಸಾಕೆನ್ನುವುದು ಹೇಗೆ? ಸರ್ಕಾರದ ಹಕ್ಕನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಅದನ್ನು ಚಲಾಯಿಸುವಾಗ ಕಾರಣ ಬರೆದು ಸಹಿ ಹಾಕಿ ಎಂದಷ್ಟೇ ಕೇಳುತ್ತಿರುವುದು.

ಕಾರಣ ಬರೆಯುವುದು ಏಕೆ ಮುಖ್ಯ ಎಂಬುದನ್ನು 2025ರ ಜೂನ್ ತೋರಿಸಿತು. ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಮರುರಾತ್ರಿಯೇ ಕಮಿಷನರ್ ಸೇರಿದಂತೆ ಐವರು ಪೊಲೀಸ್ ಅಧಿಕಾರಿಗಳ ಅಮಾನತಾಯಿತು. ಜುಲೈ 1ರಂದು ಕೇಂದ್ರ ಆಡಳಿತ ನ್ಯಾಯಮಂಡಳಿ, ಸಿದ್ಧತೆಗೆ ಪೊಲೀಸರಿಗೆ ಸಾಕಷ್ಟು ಸಮಯ ಸಿಕ್ಕಿರಲಿಲ್ಲ ಎಂಬುದನ್ನು ಗಮನಿಸಿ, ಅವರಲ್ಲಿ ಒಬ್ಬರ ಅಮಾನತನ್ನು ರದ್ದು ಮಾಡಿತು. ತಿಂಗಳ ಕೊನೆಗೆ ದಯಾನಂದ ಅವರ ಅಮಾನತನ್ನು ಸರ್ಕಾರವೇ ಹಿಂಪಡೆಯಿತು. ಪೊಲೀಸರದು ಏನೂ ತಪ್ಪಿಲ್ಲ ಎಂಬ ತೀರ್ಮಾನಕ್ಕೆ ಇದರಿಂದ ಬರಬೇಕಿಲ್ಲ. 11 ಜೀವ ಹೋದ ಕಡೆ ಹೊಣೆ ಯಾರದೆಂದು ಕೇಳಲೇಬೇಕು. ಆದರೆ ಹೊಣೆ ಗೊತ್ತುಮಾಡುವುದು ತನಿಖೆಯ ಕೆಲಸ. ತನಿಖೆಗೆ ಮೊದಲೇ ಬಂದ ಶಿಕ್ಷೆ ಜನರ ಸಿಟ್ಟನ್ನು ತಣಿಸಬಹುದು, ಮುಂದಿನ ಕಮಿಷನರ್‌ಗೆ ಕಲಿಸುವ ಪಾಠ ಮಾತ್ರ ಬೇರೆ: ಕೆಲಸ ಸರಿಯಾಗಿ ಮಾಡುವುದಕ್ಕಿಂತ ತನ್ನ ಕಾಗದಪತ್ರ ಸರಿಯಾಗಿಟ್ಟುಕೊಳ್ಳುವುದು ಸುರಕ್ಷಿತ.

ಕಮಿಷನರ್ ಯಾರಾದರೇನು, ನಮಗೆ ಸಿಗುವುದು ಠಾಣೆಯ ಇನ್‌ಸ್ಪೆಕ್ಟರ್ ತಾನೇ ಎನ್ನುವವರೂ ಇದ್ದಾರೆ. ಮಾತು ಸರಿಯೇ. ಆ ಇನ್‌ಸ್ಪೆಕ್ಟರ್ ಯಾರ ಮಾತು ಕೇಳುತ್ತಾರೆ ಎಂಬುದು ಮುಂದಿನ ಪ್ರಶ್ನೆ. ಆಯಕಟ್ಟಿನ ಠಾಣೆಯ ಪೋಸ್ಟಿಂಗ್ ರಾಜಕಾರಣಿಯ ಶಿಫಾರಸು ಪತ್ರದಿಂದ ಬಂದಿದ್ದರೆ ಅವರ ನಿಷ್ಠೆ ಆ ಪತ್ರಕ್ಕೇ ಇರುತ್ತದೆ. ಡಿವೈಎಸ್‌ಪಿ ಮತ್ತು ಅದಕ್ಕಿಂತ ಕೆಳಗಿನವರ ವರ್ಗಾವಣೆಯನ್ನು ಪೊಲೀಸ್ ಅಧಿಕಾರಿಗಳ ಮಂಡಳಿಗೇ ವಹಿಸಬೇಕು ಎಂದು 2006ರ ತೀರ್ಪು ಹೇಳಿದ್ದು ಈ ಗಂಟನ್ನು ಬಿಡಿಸಲಿಕ್ಕೆ. ಆದ್ದರಿಂದ ಮುಂದಿನ ಸಲ ಹೊಸ ಕಮಿಷನರ್ ಬಂದಾಗ ಅವರು ಖಡಕ್ಕೋ ಅಲ್ಲವೋ ಎಂಬ ಚರ್ಚೆಯನ್ನು ಬದಿಗಿಟ್ಟು ಮೂರು ಪ್ರಶ್ನೆ ಕೇಳಬೇಕು: ನೇಮಕದ ಆದೇಶದಲ್ಲಿ ಅವಧಿ ನಮೂದಾಗಿದೆಯೇ, ಠಾಣಾಧಿಕಾರಿಗಳ ಆಯ್ಕೆಯಲ್ಲಿ ಅವರ ಮಾತು ನಡೆಯುತ್ತದೆಯೇ, ವರ್ಷಕ್ಕೊಮ್ಮೆ ಅವರು ನಗರದ ಮುಂದೆ ಲೆಕ್ಕ ಒಪ್ಪಿಸುತ್ತಾರೆಯೇ. ಮೂರಕ್ಕೂ ಉತ್ತರ ಹೌದಾದರೆ ಸಾಧಾರಣ ಅಧಿಕಾರಿಯೂ ಈ ನಗರವನ್ನು ಚೆನ್ನಾಗಿ ನಡೆಸಬಲ್ಲರು. ಇಲ್ಲವಾದರೆ ಅಸಾಧಾರಣರೂ ಮುಂದಿನ ವರ್ಗಾವಣೆ ಪಟ್ಟಿಗೆ ಕಾಯುತ್ತ ದಿನ ತಳ್ಳಬೇಕಾಗುತ್ತದೆ.