ಎಳೆಯ ಮಕ್ಕಳಿಗೆ ಯೋಗಶಿಕ್ಷಣ

ವಿಶ್ವಸಂಸ್ಥೆಯ ಮಹಾಸಭೆಯು 2014ನೆಯ ಇಸವಿ ಡಿಸೆಂಬರ್ 11ರಂದು ಅಂಗೀಕರಿಸಿದ ನಿರ್ಣಯದ ಮೇರೆಗೆ, 2015ರಿಂದ ಪ್ರತಿವರ್ಷವೂ ಜೂನ್ 21ನೆಯ ತಾರೀಖು ಯೋಗದಿನವೆಂದು ಆಚರಿಸಲ್ಪಡುತ್ತಿರುವುದನ್ನು ವಾಚಕರು ಬಲ್ಲರು. ಆ ದಿನ ಶಾಲೆಯ ಬಯಲಿನಲ್ಲಿ ಮಕ್ಕಳು ಸಾಲುಸಾಲಾಗಿ ನಿಂತು, ಕೈಯೆತ್ತಿ ಬಾಗುವ ನೋಟವು ಕಣ್ಣಿಗೆ ಹಬ್ಬವೇ ಸರಿ. ಆದರೆ ಜೂನ್ 22ರಂದು ಅದೇ ಶಾಲೆಯ ಒಂದನೆಯ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಬಾಲಕರಿಗೆ ಯೋಗವನ್ನು ಕಲಿಸುವುದು ನಮ್ಮ ನಾಡಿಗೆ ಹೊಸತಲ್ಲ. ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯು ಆರಂಭವಾಯಿತು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಜನಿಸಿದ ಶ್ರೀ ತಿರುಮಲೈ ಕೃಷ್ಣಮಾಚಾರ್ಯರು ಅದರ ಆಚಾರ್ಯರಾಗಿದ್ದು, 1934ರಲ್ಲಿ 'ಯೋಗಮಕರಂದ'ವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. ಅವರ ಶಿಷ್ಯರಾದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರೂ ಕೌಶಿಕದ ಪಟ್ಟಾಭಿ ಜೋಯಿಸರೂ ಈ ವಿದ್ಯೆಯನ್ನು ಕಡಲಾಚೆಗೆ ಒಯ್ದರು. ಆದರೆ ಆ ಕಾಲದ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಇನ್ನೂ ಹುಡುಗನಾಗಿದ್ದಾಗ, ಪ್ರದರ್ಶನವೊಂದರಲ್ಲಿ ಗುರುವಿನ ಅಪ್ಪಣೆಯಂತೆ ಅಭ್ಯಾಸವಿಲ್ಲದ ಹನುಮಾನಾಸನವನ್ನು ಮಾಡಿ, ತೊಡೆಯ ಸ್ನಾಯು ಹರಿದು ಬಹುಕಾಲ ನೋವುಂಡುದನ್ನು ಅಯ್ಯಂಗಾರರೇ ಮುಂದೆ ಹೇಳಿಕೊಂಡಿದ್ದಾರೆ. ನೋಡುವವರ ಚಪ್ಪಾಳೆಗೂ ಮಾಡುವವನ ಹಿತಕ್ಕೂ ಯಾವಾಗಲೂ ಹೊಂದಾಣಿಕೆಯಿರುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯವೇಕೆ?

ಪತಂಜಲಿ ಮಹರ್ಷಿಗಳು ಆಸನಕ್ಕೆ ಮೀಸಲಿಟ್ಟುದು ಮೂರೇ ಸೂತ್ರಗಳನ್ನು. ಸ್ಥಿರತೆ ಮತ್ತು ಸುಖ, ಇವೆರಡೂ ಕೂಡಿದಲ್ಲಿ ಮಾತ್ರವೇ ಅವರು ಆಸನವೆಂಬ ಹೆಸರನ್ನು ಒಪ್ಪುತ್ತಾರೆ. ಶಿಳ್ಳೆಯ ಸದ್ದಿಗೆ ಬೆದರಿ, ಪಕ್ಕದವನನ್ನು ಓರೆಗಣ್ಣಿನಿಂದ ನೋಡುತ್ತಾ ಮೈಬಗ್ಗಿಸುವ ಮಗುವಿಗೆ ಸ್ಥಿರತೆಯೆಲ್ಲಿ, ಸುಖವೆಲ್ಲಿ? ಅದು ಕವಾಯತು ಆದೀತೇ ಹೊರತು ಯೋಗವಾಗಲಾರದು.

ಹಾಗಾದರೆ ತರಗತಿಯಲ್ಲಿ ಕಲಿಸತಕ್ಕದ್ದೇನು? ದಿನಕ್ಕೆ ಹತ್ತು ನಿಮಿಷ ಸಾಕು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಮಕ್ಕಳಿಗೆ ಹಾಲು ಕೊಡುವ ಮುನ್ನವಾದರೆ ಉತ್ತಮ. ಮೊದಲು ಹೊಟ್ಟೆಯ ಮೇಲೆ ಕೈಯಿರಿಸಿಕೊಂಡು ಉಸಿರಿನ ಏರಿಳಿತವನ್ನು ಗಮನಿಸಲಿ. ತಾಡಾಸನದಲ್ಲಿ ಮೈಭಾರವು ಎರಡೂ ಪಾದಗಳ ಮೇಲೆ ಸಮನಾಗಿ ಬೀಳುವುದನ್ನು ಅರಿಯಲಿ. ಬಳಿಕ ವೃಕ್ಷಾಸನದಲ್ಲಿ ಒಂಟಿಕಾಲಿನ ಮೇಲೆ ನಿಂತು ಗೋಡೆಯ ಮೇಲಿನ ಒಂದು ಗುರುತನ್ನು ನೋಡಲಿ. ದೃಷ್ಟಿ ಅಲುಗಿದೊಡನೆ ದೇಹವೂ ತೂಗಾಡುವುದೆಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಬಿದ್ದರೆ ನಗಲಿ, ಮತ್ತೆ ನಿಲ್ಲಲಿ. ಚಿತ್ತಕ್ಕೂ ದೇಹಕ್ಕೂ ಇರುವ ನಂಟನ್ನು ತಿಳಿಸಲು ಇದಕ್ಕಿಂತ ಮಿಗಿಲಾದ ಪಾಠವುಂಟೆ? ಉಸಿರು ಕಟ್ಟುವ ಕುಂಭಕವೂ ತಲೆಕೆಳಗಾಗುವ ಶೀರ್ಷಾಸನವೂ ಈ ವಯಸ್ಸಿಗೆ ಸಲ್ಲವು.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ನಮ್ಮ ಸರಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಮಕ್ಕಳು ಮೊದಲೇ ನೆಲದ ಮೇಲೆ ಗುಂಪಾಗಿ ಕುಳಿತು ಕಲಿಯುತ್ತಾರೆ. ಬೇಕಾದುದು ಉಪಾಧ್ಯಾಯರ ತರಬೇತು. ತಾವು ಕುರ್ಚಿಯಲ್ಲಿ ಕುಳಿತು ಮಕ್ಕಳಿಗೆ ಆಜ್ಞೆ ಮಾಡುವವರಿಂದ ಈ ಕಾರ್ಯವಾಗದು. ಮಕ್ಕಳೊಡನೆ ತಾವೂ ನಿಂತು ಉಸಿರಾಡುವವರೇ ಇದನ್ನು ಕಲಿಸಬಲ್ಲರು.

ಒಂದರಿಂದ ಎಂಟನೆಯ ತರಗತಿಯವರೆಗೆ ಯೋಗವನ್ನು ಕಡ್ಡಾಯಗೊಳಿಸಬೇಕೆಂಬ ಅರ್ಜಿಯನ್ನು 2017ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿ, ಶಾಲೆಗಳಲ್ಲಿ ಏನನ್ನು ಕಲಿಸಬೇಕೆಂದು ಗೊತ್ತುಮಾಡುವುದು ತನ್ನ ಕೆಲಸವಲ್ಲವೆಂದಿತು. ಇದು ಯುಕ್ತವೇ ಆಗಿದೆ. ಬಲವಂತದ ಸುಖವೆಂಬುದು ಲೋಕದಲ್ಲಿಲ್ಲ. ಯಾವ ಮತದ ತಾಯ್ತಂದೆಯರೇ ಆಗಲಿ, ತಮ್ಮ ಮಗುವು ನೆಟ್ಟಗೆ ನಿಲ್ಲುವುದನ್ನೂ ನಿರಾಳವಾಗಿ ಉಸಿರಾಡುವುದನ್ನೂ ಕಂಡು ಸಂತೋಷಪಡದಿರಲಾರರು. ಅವರ ಮನವೊಲಿಸುವ ದಾರಿ ಅದೇ.

ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಿನಂತಿಯಿಷ್ಟೆ: ಶಾಲೆಯ ತನಿಖೆಗೆ ಹೋದಾಗ, ಎಷ್ಟು ಮಕ್ಕಳು ಎಷ್ಟು ಆಸನಗಳನ್ನು ಹಾಕಬಲ್ಲರೆಂದು ಲೆಕ್ಕ ಕೇಳದಿರಲಿ. ಹಿಂದಿನ ಸಾಲಿನ ಅತ್ಯಂತ ಅಳುಕಿನ ಮಗುವು ಆ ಹತ್ತು ನಿಮಿಷಗಳನ್ನು ಎದುರುನೋಡುತ್ತಿದೆಯೇ ಎಂದು ವಿಚಾರಿಸಲಿ.